ಒಂದು ಗುಟುಕು ಉಪ್ಪು

ಹಗಲೆಲ್ಲ ನಾನು ಹಲ್ಲು ಮಾಡುತ್ತೇನೆ.
ಶ್ರೀರಾಂಪುರದ ಲ್ಯಾಬಿನಲ್ಲಿ ಪ್ಲಾಸ್ಟರಿನ ದವಡೆಗಳು
ಬಾಯಿ ತೆರೆದು ಸಾಲಾಗಿ ಕೂತಿರುತ್ತವೆ,
ಒಂದಕ್ಕೂ ನಾಲಗೆಯಿಲ್ಲ.
ಡಾಕ್ಟರು ಚೀಟಿಯಲ್ಲಿ ಬಣ್ಣದ ನಂಬರು ಬರೆದು ಕಳಿಸುತ್ತಾರೆ;
ಮದುವೆ ಹತ್ತಿರವಿದ್ದವರು ಫೋನೇ ಮಾಡುತ್ತಾರೆ:
ಇನ್ನೂ ಒಂಚೂರು ಬೆಳ್ಳಗೆ, ಮೇಡಂ,
ಇನ್ನೂ ಒಂಚೂರು.

ಸಂಜೆ ಮಹಾಲಕ್ಷ್ಮಿ ಲೇಔಟಿನ ಮೂರನೇ ಮಹಡಿ ಹತ್ತಿ
ಚಪ್ಪಲಿ ಬಿಡುವ ಮೊದಲೇ ಕತ್ತು ಚಾಚಿ ನೋಡುತ್ತೇನೆ,
ಯಾರಾದರೂ ಬೆಳ್ಳಗಾದರಾ ಎಂದು.

ನೀಲಿ ಬೆಳಕಿನಡಿ
ಮಾವಿನ ಚಿಗುರಿನ ಕೆಂಪು ಒಬ್ಬಳದು,
ನೇರಳೆ ತಿಂದ ಮಕ್ಕಳ ನಾಲಗೆ ಇನ್ನೊಬ್ಬಳದು,
ತಟ್ಟೆಯಂತೆ ಹರಡಿದವಳ ಅಂಚಿಗೆ ಗಿಳಿಹಸಿರು ಬಾರ್ಡರು.
ಗಿಡವಲ್ಲ, ಕಲ್ಲಲ್ಲ, ಪ್ರಾಣಿ ಅಂದರೆ ಯಾರೂ ನಂಬುವುದಿಲ್ಲ.
ಸಾವಿರ ಬಾಯಿ,
ಮೂಳೆಯಿಲ್ಲದ ಸಾವಿರ ಬಾಯಿ ಸೇರಿ
ನಾನಿಲ್ಲದ ಹಗಲೆಲ್ಲ ಒಂದೇ ಮೂಳೆ ಕಟ್ಟುತ್ತವೆ.
ನಾನು ಸುಣ್ಣ ತೊಟ್ಟಿಕ್ಕಿಸುತ್ತೇನೆ, ಅಷ್ಟೆ.

ಮನೆ ಓನರ್ ಪುಟ್ಟಮಾದಪ್ಪನವರಿಗೆ ತೂಕದ ಚಿಂತೆ.
ಕೆಳಗಿನ ಮನೆಯ ಸೀಲಿಂಗಿನ ಬಿರುಕಿಗೆ
ತಿಂಗಳಿಗೊಮ್ಮೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಹಾಕುತ್ತಾರೆ.
“ಹವಳ ಬೇಕಿದ್ರೆ ಉಂಗುರದಲ್ಲಿ ಹಾಕ್ಕೊಳಮ್ಮ,
ಕುಜದೋಷಕ್ಕೂ ಆಯ್ತು. ಇದೇನು ಕಾಲು ಟನ್ನು?”
ಕಾವೇರಿ ಬರುವುದು ದಿನ ಬಿಟ್ಟು ದಿನ.
ಅದನ್ನು ಸೋಸಿ, ಅದರ ನೆನಪನ್ನೆಲ್ಲ ತೆಗೆದು,
ಬಕೆಟ್ಟಿನಲ್ಲಿ ಉಪ್ಪು ಕದಡಿ ಕಡಲು ಮಾಡುವುದು ಭಾನುವಾರ.
ಸೋಸಿ ಉಳಿದದ್ದು ಓನರಮ್ಮನ ಬಟ್ಟೆ ಒಗೆಯಲು;
ಬಾಡಿಗೆ ಏರದಿರುವುದು ಅದರಿಂದಲೇ.

ಮೊದಲ ಕಡ್ಡಿ ಕೊಟ್ಟವರು ಹಲಸೂರಿನ ದೇವಸಹಾಯಂ,
ರಿಟೈರಾದ ಲಿಫ್ಟ್ ಮೆಕ್ಯಾನಿಕ್.
ತಾಯಿಯ ಬೆರಳೊಂದನ್ನು ಇಕ್ಕಳದಲ್ಲಿ ಟಕ್ಕೆಂದು ಮುರಿದು
ಗಿಡ್ಡ ಕಲ್ಲಿಗೆ ಅಂಟಿಸಿ,
“ಕಾಸು ಬೇಡ,” ಅಂದರು, “ನನ್ನದು ಹೋದ ದಿನ ವಾಪಸ್ ಕೊಡು.”
ತಮಾಷೆ ಎಂದು ನಕ್ಕಿದ್ದೆ.

ಏಪ್ರಿಲ್‌ನಲ್ಲಿ ಅವರ ಬೀದಿಯ ಟ್ರಾನ್ಸ್‌ಫಾರ್ಮರ್ ಸಿಡಿಯಿತು.
ಹತ್ತೊಂಬತ್ತು ಗಂಟೆ.
ಜ್ಯೂಸ್ ಅಂಗಡಿಯಿಂದ ಐಸು, ಮಗಳ ಮನೆಯಿಂದ ಬ್ಯಾಟರಿ,
ಕೊನೆಗೆ ಗಾಳಿಯಾಡಲೆಂದು ಲೋಟದಿಂದ ಎತ್ತೆತ್ತಿ ಸುರಿದರಂತೆ
ಬೆಳಗಿನ ಜಾವದವರೆಗೆ.
ಫೋನಿನಲ್ಲಿ ಅವರು ಸತ್ತವು ಅನ್ನಲಿಲ್ಲ.
“ಎಲ್ಲ ನಿನ್ನ ಹಲ್ಲಿನ ಹಾಗಾಗಿದೆ ಕಣಮ್ಮ,
ಚೆನ್ನಾಗಿರೋ ಹಲ್ಲಿನ ಹಾಗೆ.”

ಶನಿವಾರ ನನ್ನವಳ ಬೆರಳು ಮುರಿದೆ.
ಎಷ್ಟೋ ಹಲ್ಲು ತಿದ್ದಿದ ಕೈ, ಆದರೂ ನಡುಗಿತು.
ಮುರಿದಲ್ಲಿ ಕಂಡದ್ದು ಬಿಳುಪು.
ಬಣ್ಣವೆಲ್ಲ ತೊಗಲಿನಷ್ಟು ತೆಳ್ಳಗೆ, ಒಳಗೆಲ್ಲ ಸುಣ್ಣ.
ಆ ಬಿಳುಪಿಗೆ ನಮ್ಮ ಚಾರ್ಟಿನಲ್ಲಿ ನಂಬರಿಲ್ಲ.

ಅಗಲ ಬಾಯಿಯ ಬಾಟಲಿಯಲ್ಲಿ ಇಳಿಸಿ, ಟವಲು ಸುತ್ತಿ,
ಮೆಟ್ರೋ ಹತ್ತಹೋದರೆ ಸೆಕ್ಯುರಿಟಿಯ ಹುಡುಗಿ ತಡೆದಳು.
“ಏನಿದು?”
“ನೀರು.”
“ಒಳಗೆ?”
“ಹವಳ.”
ಅವಳು ಬಾಟಲಿ ನೋಡಿದಳು, ನನ್ನ ಬರಿಬೆರಳು ನೋಡಿದಳು.
ಹಿಂದೆ ಸಾಲು ಗೊಣಗಿತು.
“ಒಂದ್ ಗುಟುಕು ಕುಡೀರಿ.”

ಕುಡಿದೆ.
ಮೂರು ಸಾವಿರ ಅಡಿ ಎತ್ತರದಲ್ಲಿ, ಎಸ್ಕಲೇಟರಿನ ಪಕ್ಕ,
ನಾನೇ ಭಾನುವಾರ ಕದಡಿದ್ದ ಕಡಲನ್ನು.
ಮುಖ ಕಿವುಚಬಾರದೆಂದು ಎಷ್ಟು ಹೆಣಗಿದೆನೆಂದರೆ
ಕಣ್ಣಿಗೆ ಬಂದದ್ದೂ ಅದೇ ಉಪ್ಪು.
“ಹೋಗಿ,” ಅಂದಳು.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ಜನದ ಒತ್ತಿನಲ್ಲಿ
ಬಾಟಲಿಯನ್ನು ಕಂಕುಳಲ್ಲಿ ಬೆಚ್ಚಗಿಟ್ಟೆ.
ದೇವಸಹಾಯಂ ಬಾಗಿಲಲ್ಲೇ ನಿಂತಿದ್ದರು.
ಸತ್ತ ತಾಯಿಯನ್ನು ಎಸೆದಿರಲಿಲ್ಲ.
ಅದೇ ಬೋಳು ಕೊಂಬೆಯ ತುದಿಗೆ ಅಂಟು ಹಚ್ಚಿ, ಒತ್ತಿ ಹಿಡಿದು
ಹತ್ತು ಎಣಿಸಿದೆವು, ಅವರು ತಮಿಳಿನಲ್ಲಿ, ನಾನು ಕನ್ನಡದಲ್ಲಿ;
ನಾನು ಎಂಟರಲ್ಲಿದ್ದಾಗ ಅವರದು ಮುಗಿದಿತ್ತು.
ಆದರೂ ಕೈ ಬಿಡಲಿಲ್ಲ.

ಅವರ ಹೆಂಡತಿ ಚಾ ತಂದರು.
ಸಕ್ಕರೆ ಹೆಚ್ಚಾಯ್ತೇನೋ, ಅಂದರು.
ಇಲ್ಲ, ಅಂದೆ.
ಇನ್ನೂ ಒಂಚೂರು.